ಯಂತ್ರಕ್ಕೆ ಕಾಣುವುದು ನಮಗೆ ಕಾಣುವ ಜಗತ್ತೇ?

ಸಕ್ಕರೆ ಕಾಯಿಲೆ ಹೊಕ್ಕ ಮನೆಗೆ ವರ್ಷಕ್ಕೊಮ್ಮೆ ಕಣ್ಣಿನ ಆಸ್ಪತ್ರೆಯ ಯಾತ್ರೆ ತಪ್ಪಿದ್ದಲ್ಲ. ಕಳೆದ ಬೇಸಿಗೆಯಲ್ಲಿ ನಾನೂ ಹೋಗಿದ್ದೆ. ಕತ್ತಲೆಯ ಕೋಣೆಯಲ್ಲಿ ಒಂದು ಯಂತ್ರದ ಪಟ್ಟಿಯ ಮೇಲೆ ಗದ್ದವನ್ನು ಊರಿ, ಹಣೆಯನ್ನು ಇನ್ನೊಂದು ಪಟ್ಟಿಗೆ ಒತ್ತಿ ಕುಳಿತೆ. "ಅಜ್ಜಾರ, ಕಣ್ಣ ಮಿಟಕಬ್ಯಾಡ್ರಿ" ಎಂದಳು ಅಲ್ಲಿದ್ದ ಹುಡುಗಿ. ಕಣ್ಣಿನೊಳಗೆ ಮಿಂಚು ಹೊಡೆದಂತಾಯಿತು. ಪರದೆಯ ಮೇಲೆ ಕಿತ್ತಳೆ ಬಣ್ಣದ ಒಂದು ವೃತ್ತ ಮೂಡಿತು. ಅದರ ತುಂಬ ಮರದ ಬೇರುಗಳಂತೆ ಹರಡಿದ ರಕ್ತನಾಳಗಳು. ಅದು ನನ್ನದೇ ಅಕ್ಷಿಪಟ. ಡಾಕ್ಟರು ಇದನ್ನು ಯಾವಾಗ ನೋಡುತ್ತಾರೆ ಎಂದು ಕೇಳಿದೆ. "ಅವರು ಆಮ್ಯಾಲ ನೋಡ್ತಾರ್ರಿ. ಮೊದಲ ಈ ಮಶೀನ ನೋಡಿ ಹೇಳತೈತ್ರಿ" ಎಂದಳು.

ಹೇಳುವುದರ ವಿಷಯದಲ್ಲಿ ನನಗೆ ತಕರಾರಿಲ್ಲ. ಗಡಿಯಾರ ಹೊತ್ತು ಹೇಳುತ್ತದೆ, ತಕ್ಕಡಿ ತೂಕ ಹೇಳುತ್ತದೆ. ಆದರೆ 'ನೋಡಿ' ಎಂಬ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ನನ್ನ ಅಕ್ಷಿಪಟ ಆ ಯಂತ್ರಕ್ಕೆ ಹೇಗೆ ಕಂಡಿತು? ಡಾಕ್ಟರಿಗೆ ಕಾಣುವಂತೆಯೇ ಕಂಡಿತೇ? ಕಾಣುವುದೆಂಬುದು ಅದಕ್ಕೆ ಉಂಟೇ? ಮನೆಗೆ ಬಂದ ಮೇಲೆ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನನ್ನು ಕಾಡಿಸಿ, ಈ ವಿಷಯದ ಪ್ರಬಂಧಗಳನ್ನು ಅವನ ನೆರವಿನಿಂದ ಒಂದೊಂದಾಗಿ ಓದಿದೆ. ಗಣಿತ ಬಂದಲ್ಲೆಲ್ಲ ಅವನೇ ಕೈಹಿಡಿದು ದಾಟಿಸಿದ. ಆ ಓದಿನಿಂದ ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಇಂಥ ಯಂತ್ರಗಳ ಒಳಗಿರುವ ವ್ಯವಸ್ಥೆಗೆ ಕೃತಕ ನರಜಾಲ ಎಂದು ಹೆಸರು. ಹೆಸರಿನಲ್ಲಿ ನರವಿದ್ದರೂ ಒಳಗಿರುವುದು ಬರಿಯ ಲೆಕ್ಕ. 1943ರಲ್ಲಿ ಅಮೆರಿಕದ ವಾರೆನ್ ಮೆಕ್ಯುಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬಿಬ್ಬರು ಮೆದುಳಿನ ನರಕೋಶದ ಕೆಲಸವನ್ನು ಗಣಿತದ ಭಾಷೆಯಲ್ಲಿ ಬರೆದು ತೋರಿಸಿದರು. ಹಲವು ಕಡೆಗಳಿಂದ ಬರುವ ಸಂಕೇತಗಳನ್ನು ಕೂಡಿಸುವುದು, ಮೊತ್ತವು ಒಂದು ಮಿತಿಯನ್ನು ದಾಟಿದರೆ ತಾನೂ ಒಂದು ಸಂಕೇತವನ್ನು ಮುಂದಕ್ಕೆ ಕಳಿಸುವುದು, ದಾಟದಿದ್ದರೆ ಸುಮ್ಮನಿರುವುದು, ಇಷ್ಟೇ ಅದರ ತಿರುಳು. ಊರ ಪಂಚಾಯತಿಯಲ್ಲಿ ಎಲ್ಲರ ಮಾತಿಗೂ ಒಂದೇ ತೂಕವಿರುವುದಿಲ್ಲವಷ್ಟೆ? ಈ ಜಾಲದಲ್ಲಿಯೂ ಹಾಗೆಯೇ. ಒಂದೊಂದು ಕಡೆಯಿಂದ ಬರುವ ಸಂಕೇತಕ್ಕೆ ಒಂದೊಂದು ತೂಕ. ಜಾಲವು ತಪ್ಪು ತೀರ್ಪು ಕೊಟ್ಟಾಗಲೆಲ್ಲ, ಆ ತಪ್ಪಿಗೆ ಕಾರಣವಾದ ತೂಕಗಳನ್ನು ಕೂದಲೆಳೆಯಷ್ಟು ತಗ್ಗಿಸಿ, ಸರಿಯತ್ತ ಎಳೆದವುಗಳನ್ನು ಅಷ್ಟೇ ಏರಿಸುತ್ತಾರೆ. ಹೀಗೆ ಲಕ್ಷಾಂತರ ಬಾರಿ ನಡೆದರೆ ಜಾಲವು ಕಲಿಯಿತು ಎನ್ನುತ್ತಾರೆ. ಅದಕ್ಕೆ ಕೊಡುವ ಚಿತ್ರವೂ ಅಂಕಿಗಳ ಒಂದು ದೊಡ್ಡ ಕೋಷ್ಟಕವೇ. ಪ್ರತಿಯೊಂದು ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿವೆ ಎಂಬುದಕ್ಕೆ ಮೂರು ಅಂಕಿ.

ಈ ಜಾಲಕ್ಕೆ ನೋಡುವ ರೀತಿಯನ್ನು ಕಲಿಸುವಾಗ ವಿಜ್ಞಾನಿಗಳು ಮಾದರಿಯಾಗಿ ಹಿಡಿದದ್ದು ಪ್ರಾಣಿಗಳ ಮೆದುಳನ್ನೇ. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ತರುಣ ವಿಜ್ಞಾನಿಗಳು, ಬೆಕ್ಕಿನ ಮೆದುಳಿನ ದೃಷ್ಟಿಭಾಗದ ಒಂದು ನರಕೋಶಕ್ಕೆ ಸೂಕ್ಷ್ಮ ತಂತಿ ಇಟ್ಟು, ಕಣ್ಣಮುಂದೆ ಚುಕ್ಕೆಗಳ ಗಾಜುಫಲಕಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿದ್ದರು. ನರಕೋಶ ಮಿಸುಕಲೇ ಇಲ್ಲ. ಗಂಟೆಗಟ್ಟಲೆ ಬೇಸತ್ತ ಮೇಲೆ ಒಂದು ಫಲಕವನ್ನು ಒಳಗೆ ತಳ್ಳುವಾಗ ಆ ನರಕೋಶ ಒಮ್ಮೆಲೇ ಸದ್ದುಮಾಡತೊಡಗಿತು. ಅದನ್ನು ಕೆಣಕಿದ್ದು ಚುಕ್ಕೆ ಆಗಿರಲಿಲ್ಲ, ಗಾಜಿನ ಅಂಚಿನ ನೆರಳು! ಒಂದು ನಿಶ್ಚಿತ ಓರೆಯಲ್ಲಿ ಸರಿಯುವ ಗೆರೆಗೆ ಮಾತ್ರ ಓಗೊಡುವ ನರಕೋಶ ಅದು. ಮೊದಲು ಅಂಚು, ಅಂಚುಗಳಿಂದ ಮೂಲೆ, ಮೂಲೆಗಳಿಂದ ಆಕೃತಿ ಎಂಬಂತೆ ಮೆದುಳು ಮೆಟ್ಟಿಲು ಮೆಟ್ಟಿಲಾಗಿ ನೋಟವನ್ನು ಕಟ್ಟುತ್ತದೆಂಬ ತಿಳಿವಳಿಕೆಗೆ ಇದು ನಾಂದಿಯಾಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು.

ಇದೇ ಮೆಟ್ಟಿಲುಗಳನ್ನು ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಗಣಕಯಂತ್ರದೊಳಗೆ ಕಟ್ಟಿದರು. 1989ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಯಾನ್ ಲೆಕುನ್ ಅವರ ತಂಡವು ಅಂಚೆ ಲಕೋಟೆಗಳ ಮೇಲೆ ಕೈಬರಹದಲ್ಲಿದ್ದ ಅಂಕಿಗಳನ್ನು ಓದುವಷ್ಟು ಅದನ್ನು ಪಳಗಿಸಿತು. ಆ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಸದ್ದೇನೂ ಆಗಲಿಲ್ಲವೆನ್ನಬೇಕು. ಸದ್ದಾದದ್ದು 2012ರಲ್ಲಿ. ಸುಮಾರು 12 ಲಕ್ಷ ಛಾಯಾಚಿತ್ರಗಳನ್ನು ನೋಡಿ ಕಲಿತು, ಹೊಸ ಚಿತ್ರಗಳನ್ನು 1000 ಬಗೆಗಳಲ್ಲಿ ವಿಂಗಡಿಸುವ ಸ್ಪರ್ಧೆಯೊಂದಿತ್ತು. ಪ್ರತಿ ಚಿತ್ರಕ್ಕೂ ಐದು ಊಹೆಗಳಿಗೆ ಅವಕಾಶ. ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರ ನರಜಾಲ ಶೇಕಡಾ 15.3ರಷ್ಟು ತಪ್ಪು ಮಾಡಿ ಗೆದ್ದಿತು; ಎರಡನೆಯ ಸ್ಥಾನದವರ ತಪ್ಪು ಶೇಕಡಾ 26.2. ಮೂರೇ ವರ್ಷಗಳಲ್ಲಿ ಈ ತಪ್ಪು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಇದೇ ಹಿಂಟನ್ ಅವರಿಗೆ 2024ರಲ್ಲಿ ಜಾನ್ ಹಾಪ್‌ಫೀಲ್ಡ್ ಅವರೊಡನೆ ಭೌತವಿಜ್ಞಾನದ ನೊಬೆಲ್ ಬಂದಿತು.

ಜಾಲವನ್ನು ಬಿಚ್ಚಿ ನೋಡಿದಾಗ ಇನ್ನೊಂದು ಬೆರಗು ಕಾದಿತ್ತು. ಅದರ ಮೊದಲ ಪದರದ ಘಟಕಗಳಲ್ಲಿ ಅನೇಕವು, ಯಾರೂ ಹೇಳಿಕೊಡದೆ, ಓರೆ ಗೆರೆಗಳಿಗೆ ಓಗೊಡುವುದನ್ನು ತಾವಾಗಿ ಕಲಿತಿದ್ದವು. ಹ್ಯೂಬೆಲ್ ಮತ್ತು ವೀಸೆಲ್ ಕಂಡ ಆ ಬೆಕ್ಕಿನ ನರಕೋಶದ ಹಾಗೆಯೇ. 2014ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ಡಿಕಾರ್ಲೊ ಅವರ ಬಳಗದವರು ಒಂದೇ ಚಿತ್ರವನ್ನು ಕೋತಿಗೂ ನರಜಾಲಕ್ಕೂ ತೋರಿಸಿ ಹೋಲಿಸಿದರು. ಜಾಲದ ಮೇಲಿನ ಪದರಗಳ ಅಂಕಿಗಳನ್ನು ಹಿಡಿದು ಕೋತಿಯ ಮೆದುಳಿನ ನರಕೋಶಗಳು ಹೇಗೆ ಓಗೊಡುತ್ತವೆಂಬುದನ್ನು ಬಹುಮಟ್ಟಿಗೆ ಮುಂಗಾಣಬಹುದೆಂದು ತಿಳಿಯಿತು. ಇಷ್ಟಾದ ಮೇಲೆ ಯಂತ್ರವೂ ನಮ್ಮಂತೆಯೇ ನೋಡುತ್ತದೆಂದು ಹಲವರು ನಂಬಿದರೆ ಅವರನ್ನು ದೂರುವಂತಿಲ್ಲ. ಇಲ್ಲಿಯವರೆಗೆ ಓದಿದಾಗ ನಾನೂ ಹಾಗೆಯೇ ನಂಬಿದ್ದೆ.

ಬೆಕ್ಕಿಗೆ ಆನೆಯ ಚರ್ಮ

ನಂಬಿಕೆ ಅಲುಗಾಡಿದ್ದು ಒಂದು ಪಾಂಡಾದಿಂದ. 2014ರಲ್ಲಿ ಇಯಾನ್ ಗುಡ್‌ಫೆಲೊ ಮತ್ತು ಸಂಗಡಿಗರು ಪಾಂಡಾ ಎಂಬ ಚೀನದ ಕರಡಿಯ ಚಿತ್ರವೊಂದನ್ನು ನರಜಾಲಕ್ಕೆ ಕೊಟ್ಟರು. ಶೇಕಡಾ 57.7ರ ಭರವಸೆಯೊಡನೆ ಅದು ಪಾಂಡಾ ಎಂದಿತು. ಆ ಮೇಲೆ ಚಿತ್ರದ ಒಂದೊಂದು ಚುಕ್ಕೆಯ ಅಂಕಿಯನ್ನು ಲೆಕ್ಕಹಾಕಿ ಅತ್ಯಲ್ಪವಾಗಿ ಬದಲಿಸಿದರು. ನಮ್ಮ ಕಣ್ಣಿಗೆ ಎರಡು ಚಿತ್ರಗಳಿಗೂ ಎಳ್ಳಷ್ಟೂ ಭೇದವಿಲ್ಲ. ಜಾಲ ಮಾತ್ರ ಎರಡನೆಯದನ್ನು ಗಿಬ್ಬನ್ ಎಂಬ ವಾನರ ಎಂದಿತು. ಅದೂ ಶೇಕಡಾ 99.3ರ ಭರವಸೆಯೊಡನೆ! ಮನುಷ್ಯನೂ ತಪ್ಪು ಮಾಡುತ್ತಾನೆ. ಸಂಜೆಗತ್ತಲಲ್ಲಿ ಹಗ್ಗವನ್ನು ಹಾವೆನ್ನುತ್ತಾನೆ. ಆದರೆ ಹಗ್ಗ ಹಾವಿನಂತಿದೆ. ಪಾಂಡಾ ಯಾವ ಬೆಳಕಿನಲ್ಲಿಯೂ ಗಿಬ್ಬನ್ನಿನಂತಿಲ್ಲ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಜರ್ಮನಿಯ ಟ್ಯೂಬಿಂಗನ್ನಿನ ರಾಬರ್ಟ್ ಗೈರ್ಹೋಸ್ ಮತ್ತು ಸಂಗಡಿಗರು 2019ರಲ್ಲಿ ಮಂಡಿಸಿದ ಒಂದು ಪ್ರಯೋಗ. ಅವರು ಬೆಕ್ಕಿನ ಚಿತ್ರವೊಂದನ್ನು ತೆಗೆದುಕೊಂಡು ಅದರ ಆಕೃತಿಯನ್ನು ಹಾಗೆಯೇ ಬಿಟ್ಟು, ಮೈಯನ್ನು ಮಾತ್ರ ಆನೆಯ ಚರ್ಮದಿಂದ ತುಂಬಿದರು. ಕಿವಿ, ಮೀಸೆ, ಮೋರೆ ಎಲ್ಲವೂ ಬೆಕ್ಕಿನದು. ಸುಕ್ಕುಗಟ್ಟಿದ ಬೂದು ಮೈವಳಿಕೆ ಆನೆಯದು. ಮನುಷ್ಯರನ್ನು ಕೇಳಿದರೆ ಬೆಕ್ಕು ಎಂದರು. ನರಜಾಲ 'ಭಾರತೀಯ ಆನೆ' ಎಂದಿತು. ಇಂಥ ಬೆರಕೆಯ ಚಿತ್ರಗಳನ್ನು ನೂರಾರು ಮಾಡಿ ಪರೀಕ್ಷಿಸಿದಾಗ ಮನುಷ್ಯರು ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಬಾರಿ ಆಕೃತಿಯನ್ನು ಹಿಡಿದು ಹೇಳಿದರು. ಪ್ರಸಿದ್ಧವಾದ ಒಂದು ಜಾಲ ಆಕೃತಿಯನ್ನು ಹಿಡಿದದ್ದು ನೂರರಲ್ಲಿ ಸುಮಾರು ಇಪ್ಪತ್ತೆರಡು ಬಾರಿ ಮಾತ್ರ, ಉಳಿದದ್ದೆಲ್ಲ ಮೈವಳಿಕೆ.

ಇದರ ಅರ್ಥವನ್ನು ತಿಳಿಯಲು ಪ್ರಯೋಗಾಲಯವೇನೂ ಬೇಡ. ನಮ್ಮ ಅಂಗಳದ ರಂಗೋಲಿಯಲ್ಲಿ ಹಸುವಿಗೆ ಚರ್ಮವಿದೆಯೇ? ರೋಮವಿದೆಯೇ? ನಾಲ್ಕು ಬಿಳಿಯ ಗೆರೆಗಳು, ಎರಡು ಕೊಂಬು. ಎರಡು ವರ್ಷದ ಕೂಸು ಅದನ್ನು ತೋರಿಸಿ 'ಅಂಬಾ' ಎನ್ನುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಮಣ್ಣಿನ ಎತ್ತುಗಳನ್ನು ಎತ್ತುಗಳೆಂದು ಅದಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮಗೆ ವಸ್ತುವೆಂದರೆ ಮೊದಲು ಆಕೃತಿ. ಜಾಲಕ್ಕೆ ಹಾಗಿರಬೇಕೆಂಬ ನಿಯಮವಿಲ್ಲ. ಅದಕ್ಕೆ ಒಪ್ಪಿಸಿದ ಕೆಲಸ ಚಿತ್ರಕ್ಕೆ ಸರಿಯಾದ ಹೆಸರು ಹಚ್ಚುವುದಷ್ಟೆ. ಚರ್ಮದ ಒಂದು ತುಣುಕಿನಿಂದಲೇ ಆನೆಯೆಂಬ ಹೆಸರು ಸಿಗುವುದಾದರೆ ಸೊಂಡಿಲು, ಕಾಲು, ಬಾಲಗಳ ಗೊಡವೆ ಅದಕ್ಕೇಕೆ? ಪರೀಕ್ಷೆಗೆಂದು ಪ್ರಶ್ನೋತ್ತರಗಳನ್ನು ಉರುಹೊಡೆದ ವಿದ್ಯಾರ್ಥಿಯಂತೆ ಅದು ಅಗ್ಗದ ಕುರುಹನ್ನು ಹಿಡಿದು ಪಾಸಾಗಿತ್ತು. ಇದೇ ಸಂಶೋಧಕರು ಮೈವಳಿಕೆಯನ್ನು ಕಲಸುಮೇಲೋಗರ ಮಾಡಿದ ಚಿತ್ರಗಳಿಂದ ಜಾಲಕ್ಕೆ ಮರಳಿ ಪಾಠ ಹೇಳಿದಾಗ ಅದು ಆಕೃತಿಯನ್ನು ಹಿಡಿಯುವುದು ನೂರಕ್ಕೆ ಎಂಬತ್ತರವರೆಗೆ ಏರಿತೆಂಬುದನ್ನೂ ಇಲ್ಲಿ ಹೇಳಬೇಕು. ದೋಷ ಕಟ್ಟಡದ್ದಷ್ಟೇ ಆಗಿರಲಿಲ್ಲ, ಕಲಿಸಿದ ರೀತಿಯದೂ ಆಗಿತ್ತು.

ನಮ್ಮ ಕನ್ನಡದ್ದೇ ಒಂದು ಉದಾಹರಣೆಯಿದೆ. 2019ರಲ್ಲಿ ವಿನಯ್ ಪ್ರಭು ಎಂಬ ಸಂಶೋಧಕರು ಬೆಂಗಳೂರಿನ 65 ಜನರಿಂದ ಕನ್ನಡದ ಅಂಕಿಗಳನ್ನು ಬರೆಯಿಸಿ, 70,000 ಪುಟ್ಟ ಚಿತ್ರಗಳ ಸಂಗ್ರಹವೊಂದನ್ನು ಮಾಡಿದರು. ಅದರಲ್ಲಿ ಕಲಿತ ಜಾಲ ಅದೇ ಸಂಗ್ರಹದ ಪರೀಕ್ಷೆಯಲ್ಲಿ ಶೇಕಡಾ 97ರಷ್ಟು ಸರಿಯುತ್ತರ ಕೊಟ್ಟಿತು. ಅನಂತರ ಕನ್ನಡವನ್ನು ಅರಿಯದ ಅಮೆರಿಕವಾಸಿಗಳಿಂದ ಇವೇ ಅಂಕಿಗಳನ್ನು ನೋಡಿ ಬರೆಯಿಸಿ ಪರೀಕ್ಷಿಸಿದಾಗ ಅದು ಶೇಕಡಾ 76ರ ಸುಮಾರಿಗೆ ಕುಸಿಯಿತು. ನಮ್ಮ ೬ಕ್ಕೂ ೭ಕ್ಕೂ ಇರುವ ವ್ಯತ್ಯಾಸ ಒಂದು ತಿರುವಷ್ಟೆ. ಹೊಸ ಕೈ ಬರೆದದ್ದು ಸೊಟ್ಟಗೇ ಇದ್ದೀತು. ಆದರೆ ಒಂದನೆಯ ತರಗತಿಯ ಮಕ್ಕಳ ಪಾಟಿಗಳನ್ನು ವರ್ಷಗಟ್ಟಲೆ ತಿದ್ದಿದ ಶಾಲಾ ಮಾಸ್ತರನಾಗಿ ಹೇಳುತ್ತೇನೆ, ಬರೆಯುವ ಬೆರಳು ಎಲ್ಲಿ ತಿರುಗಲು ಹೋಗಿ ಎಲ್ಲಿ ಎಡವಿತೆಂಬುದು ಓದುವವನಿಗೆ ತಿಳಿಯುತ್ತದೆ. ನಾವು ಗೆರೆಯಲ್ಲಿ ಕೈಯನ್ನೂ ಕಾಣುತ್ತೇವೆ.

ಇದೆಲ್ಲ ಬೆಕ್ಕು, ಆನೆಗಳ ವಿನೋದವಾಗಿ ಉಳಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. 2018ರಲ್ಲಿ ಅಮೆರಿಕದ ವೈದ್ಯ ಸಂಶೋಧಕರು ಎದೆಯ ಕ್ಷ-ಕಿರಣ ಚಿತ್ರಗಳಿಂದ ನ್ಯುಮೋನಿಯಾ ಪತ್ತೆಹಚ್ಚುವ ನರಜಾಲವೊಂದನ್ನು ಪರೀಕ್ಷಿಸಿದರು. ತಾನು ಕಲಿತ ಆಸ್ಪತ್ರೆಗಳ ಚಿತ್ರಗಳಲ್ಲಿ ಅದು ಚೆನ್ನಾಗಿ ಹೇಳುತ್ತಿತ್ತು. ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟರೆ ತಡವರಿಸುತ್ತಿತ್ತು. ಕಾರಣ ಹುಡುಕಿದರೆ, ಚಿತ್ರ ಯಾವ ಆಸ್ಪತ್ರೆಯದೆಂಬುದನ್ನು ಆ ಜಾಲ ಬಹುಮಟ್ಟಿಗೆ ತಪ್ಪಿಲ್ಲದೆ ಗುರುತಿಸಬಲ್ಲುದಾಗಿತ್ತು. ಚಿತ್ರ ತೆಗೆಯುವಾಗ ಮೂಲೆಯಲ್ಲಿ ಇಡುವ ಲೋಹದ ಗುರುತಿನ ತುಣುಕುಗಳಂಥವೂ ಅದಕ್ಕೆ ಸುಳಿವಾಗಿದ್ದವು. ಒಂದು ಆಸ್ಪತ್ರೆಗೆ ನ್ಯುಮೋನಿಯಾ ರೋಗಿಗಳು ಹೆಚ್ಚಾಗಿ ಬರುತ್ತಿದ್ದರೆ, ಆ ಗುರುತನ್ನು ಕಂಡರೆ ಸಾಕು, ರೋಗವಿರಬಹುದೆನ್ನಲು ಲೆಕ್ಕ ಒದಗುತ್ತದೆ. ಡಾಕ್ಟರು ನೋಡುವುದು ಪುಪ್ಪುಸವನ್ನು. ಯಂತ್ರ ನೋಡಿದ್ದು ಮೂಲೆಯನ್ನು.

ನಮಗೆ ಕಾಣದ್ದು ಅದಕ್ಕೆ ಕಾಣುವುದೂ ಉಂಟು. 2016ರಲ್ಲಿ ಗೂಗಲ್ ಸಂಸ್ಥೆಯವರು 1,28,175 ಅಕ್ಷಿಪಟಗಳ ಚಿತ್ರಗಳಿಂದ, ಸಕ್ಕರೆ ಕಾಯಿಲೆ ಕಣ್ಣಿಗೆ ಮಾಡಿದ ಹಾನಿಯನ್ನು ಗುರುತಿಸುವ ಜಾಲವೊಂದನ್ನು ಸಿದ್ಧಗೊಳಿಸಿದರು. ಅವುಗಳಲ್ಲಿ ಮದುರೆಯ ಅರವಿಂದ, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯಗಳಿಂದ ಬಂದ ಚಿತ್ರಗಳೂ ಇದ್ದವು. ಅದರ ತೀರ್ಪು ನೇತ್ರತಜ್ಞರ ತೀರ್ಪಿಗೆ ಸರಿಸಮನಾಗಿ ನಿಂತಿತು. 2018ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಜಾಲ ಅಕ್ಷಿಪಟದ ಚಿತ್ರವನ್ನಷ್ಟೇ ನೋಡಿ ಅದು ಗಂಡಸಿನದೋ ಹೆಂಗಸಿನದೋ ಎಂಬುದನ್ನು ಬಹುಪಾಲು ಸರಿಯಾಗಿ ಹೇಳಿತು. ವಯಸ್ಸನ್ನು ಸರಾಸರಿ ಮೂರು, ಮೂರೂವರೆ ವರ್ಷಗಳ ಅಂತರದಲ್ಲಿ ಊಹಿಸಿತು. ಅಕ್ಷಿಪಟವನ್ನು ನೋಡಿ ಗಂಡು ಹೆಣ್ಣೆಂದು ಹೇಳುವ ವಿದ್ಯೆ ಯಾವ ನೇತ್ರತಜ್ಞರಿಗೂ ಇರಲಿಲ್ಲ. ಆದ್ದರಿಂದ ಯಂತ್ರದ ನೋಟ ನಮ್ಮ ನೋಟದ ಕಳಪೆ ನಕಲೆಂದು ತಳ್ಳಿಹಾಕುವುದೂ ತಪ್ಪಾದೀತು. ಅದು ಬೇರೆಯೇ ಒಂದು ಬಗೆ.

ಕಣ್ಣು ಬಂದ ಮಕ್ಕಳು

ಹಾಗಾದರೆ ಮನುಷ್ಯ ನೋಡುವುದನ್ನು ಕಲಿಯುವುದು ಹೇಗೆ? ಈ ಪ್ರಶ್ನೆಗೆ ಮುನ್ನೂರು ವರ್ಷಗಳ ಹಿರಿಯ ಇತಿಹಾಸವುಂಟು. 1688ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿದ್ದ ವಿಲಿಯಂ ಮಾಲಿನೊ ಎಂಬ ವಿದ್ವಾಂಸರು ತತ್ತ್ವಜ್ಞಾನಿ ಜಾನ್ ಲಾಕ್ ಅವರಿಗೆ ಪತ್ರ ಬರೆದು ಒಂದು ಸಮಸ್ಯೆಯನ್ನು ಮುಂದಿಟ್ಟರು. ಹುಟ್ಟು ಕುರುಡನೊಬ್ಬ ಗೋಳ ಯಾವುದು, ಘನ ಯಾವುದು ಎಂದು ಮುಟ್ಟಿ ತಿಳಿಯಬಲ್ಲ. ಅವನಿಗೆ ಒಮ್ಮೆಲೇ ಕಣ್ಣು ಬಂದರೆ, ಮುಟ್ಟದೆ, ಬರಿಯ ನೋಟದಿಂದ ಎರಡನ್ನೂ ಗುರುತಿಸಿಯಾನೇ? ಮಾಲಿನೊ ಅವರ ಮಡದಿ ಮದುವೆಯಾದ ಕೆಲಕಾಲದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದರು. ಆ ಪ್ರಶ್ನೆ ಬರಿಯ ತರ್ಕದಿಂದ ಹುಟ್ಟಿದ್ದೆಂದು ನನಗನ್ನಿಸುವುದಿಲ್ಲ.

ಉತ್ತರ ದೊರೆತದ್ದು ನಮ್ಮ ದೇಶದಲ್ಲಿ. ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿರುವ ದೆಹಲಿ ಮೂಲದ ಪವನ್ ಸಿನ್ಹಾ ಅವರು ಉತ್ತರ ಭಾರತದ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆಯಿದ್ದು, ಚಿಕಿತ್ಸೆಯಿಲ್ಲದೆ ಬೆಳೆದ ಮಕ್ಕಳನ್ನು ಹುಡುಕಿ, ದೆಹಲಿಯ ಶ್ರಾಫ್ ಧರ್ಮಾರ್ಥ ನೇತ್ರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವ 'ಪ್ರಕಾಶ' ಎಂಬ ಯೋಜನೆಯನ್ನು ಕೈಗೊಂಡರು. ಹಾಗೆ ಕಣ್ಣು ಬಂದ, 8ರಿಂದ 17 ವರ್ಷದೊಳಗಿನ ಐವರನ್ನು ಪಟ್ಟಿ ಬಿಚ್ಚಿದ ಎರಡು ದಿನಗಳೊಳಗೆ ಪರೀಕ್ಷಿಸಿದ ವರದಿ 2011ರಲ್ಲಿ ಪ್ರಕಟವಾಯಿತು. ಆಟಿಕೆಯ ತುಂಡೊಂದನ್ನು ಮುಟ್ಟಿ, ಮರಳಿ ಮುಟ್ಟಿ ಗುರುತಿಸುವಾಗ ಅವರು ತಪ್ಪುತ್ತಿದ್ದುದು ಅಪರೂಪ. ನೋಡಿ, ಮರಳಿ ನೋಡಿ ಗುರುತಿಸುವುದೂ ಬಹುಪಾಲು ಸರಿ. ಆದರೆ ಮುಟ್ಟಿ ಅರಿತದ್ದನ್ನು ನೋಡಿ ಗುರುತಿಸೆಂದರೆ ಉತ್ತರ ಶೇಕಡಾ 58. ಎರಡರಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಅದು ನಾಣ್ಯ ಚಿಮ್ಮಿ ಹೇಳಿದುದಕ್ಕಿಂತ ಹೆಚ್ಚೇನೂ ಅಲ್ಲ. ಕಣ್ಣು ಬಂದಿತ್ತು, ನೋಟ ಬಂದಿರಲಿಲ್ಲ. ಆದರೆ ಅವರಲ್ಲಿ ಮತ್ತೆ ಪರೀಕ್ಷೆಗೆ ಸಿಕ್ಕವರು ಕೆಲವೇ ದಿನಗಳಲ್ಲಿ, ಯಾವ ಪಾಠವೂ ಇಲ್ಲದೆ, ಮನೆಯಲ್ಲಿ ಓಡಾಡಿಕೊಂಡಿದ್ದೇ, ನೂರಕ್ಕೆ ಎಂಬತ್ತಕ್ಕೂ ಮೇಲೆ ಸರಿ ಹೇಳತೊಡಗಿದ್ದರು.

ಇಂಥವರಿಗೆ ಮೊದಮೊದಲು ಜಗತ್ತು ಬಣ್ಣದ ತೇಪೆಗಳಂತೆ ಕಾಣುತ್ತದೆಂಬುದನ್ನು ಇದೇ ಬಳಗದ 2009ರ ಇನ್ನೊಂದು ವರದಿ ಹೇಳುತ್ತದೆ. ಚಿತ್ರದಲ್ಲಿ ವಸ್ತುಗಳೆಷ್ಟಿವೆ ಎಂದು ಕೇಳಿದರೆ, ಬಣ್ಣವೋ ಬೆಳಕೋ ಬದಲಾದಲ್ಲೆಲ್ಲ ಒಂದೊಂದು ವಸ್ತುವೆಂದು ಬೆರಳಿಟ್ಟು ತೋರಿಸುತ್ತಿದ್ದರು. ಒಂದರ ಮೇಲೊಂದು ಹಾದುಹೋದ ವೃತ್ತ, ಚೌಕಗಳು ಅವರಿಗೆ ಬಿಡಿಬಿಡಿ ಚೂರುಗಳು. ಅದೇ ಚೌಕ ಚಲಿಸತೊಡಗಿದೊಡನೆ ಬಿಡಿಸಿಕೊಂಡು ಕಾಣುತ್ತಿತ್ತು! ಕೂಡಿ ಚಲಿಸಿದ್ದು ಒಂದೇ ವಸ್ತು ಎಂಬ ಸುಳಿವಿನಿಂದ ಅವರ ನೋಟ ಕುದುರತೊಡಗಿತು. ಕೋಟ್ಯಂತರ ನಿಶ್ಚಲ ಚಿತ್ರಗಳನ್ನು ನುಂಗಿದ ಜಾಲಕ್ಕೆ ಈ ಸುಳಿವು ದೊರೆಯುವ ಅವಕಾಶವೇ ಇರಲಿಲ್ಲ.

2011ರ ವರದಿಯ ಮೊದಲ ಹೆಸರು ರಿಚರ್ಡ್ ಹೆಲ್ಡ್. ಈ ಮಹನೀಯರೇ 1963ರಲ್ಲಿ ಅಲನ್ ಹೈನ್ ಅವರೊಡನೆ ಬೆಕ್ಕಿನ ಮರಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕತ್ತಲಲ್ಲಿ ಬೆಳೆದ ಎರಡು ಮರಿಗಳನ್ನು ದಿನಕ್ಕೆ ಕೆಲ ಗಂಟೆ ಬೆಳಕಿಗೆ ತಂದು, ತಿರುಗುವ ತೊಲೆಯ ಎರಡು ತುದಿಗಳಿಗೆ ಕಟ್ಟುತ್ತಿದ್ದರು. ಒಂದು ತನ್ನ ಕಾಲಿನಿಂದ ನಡೆಯುತ್ತಿತ್ತು. ಇನ್ನೊಂದು ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕುಳಿತು, ಮೊದಲನೆಯದರ ನಡಿಗೆಯಿಂದಲೇ ಸುತ್ತುತ್ತಿತ್ತು. ಎರಡೂ ಕಂಡದ್ದು ಒಂದೇ ನೋಟ. ನಡೆದ ಮರಿ ಆಳವನ್ನು ಕಂಡು ಹಿಂದೆ ಸರಿಯಿತು, ನೆಲ ಸಮೀಪಿಸಿದಾಗ ಕಾಲು ಚಾಚಿತು. ಕುಳಿತು ಸುತ್ತಿದ ಮರಿಗೆ ಅದು ಆಗಲಿಲ್ಲ. ಬಿಡುಗಡೆಯಾಗಿ ತಾನೇ ಓಡಾಡಿದ ಮೇಲೆ ಕಲಿತುಕೊಂಡಿತು. ಇಂದಿನ ನರಜಾಲಗಳಲ್ಲಿ ಬಹುಪಾಲು ಪೆಟ್ಟಿಗೆಯಲ್ಲಿ ಕುಳಿತ ಮರಿಗಳೇ. ಅವಕ್ಕೆ ಎಡವಿ ಬಿದ್ದು ಗೊತ್ತಿಲ್ಲ, ಬಿಸಿ ಪಾತ್ರೆ ಮುಟ್ಟಿ ಗೊತ್ತಿಲ್ಲ.

ಇಲ್ಲಿ ನರಜಾಲವು ಅಪರಾಧಿಯ ಸ್ಥಾನ ಬಿಟ್ಟು ಸಾಕ್ಷಿಯ ಸ್ಥಾನಕ್ಕೆ ಬರುತ್ತದೆ. ಎಳೆಗೂಸಿಗೆ ಹುಟ್ಟಿದಾಗ ಎಲ್ಲವೂ ಮಸುಕು, ಬಣ್ಣಗಳೂ ಅಷ್ಟಕ್ಕಷ್ಟೆ. ತಿಂಗಳುಗಳು ಕಳೆದಂತೆ ನೋಟ ತಿಳಿಯಾಗುತ್ತದೆ. ಇದು ಎಳೆತನದ ಕುಂದೆಂದೇ ಬಹುಕಾಲ ತಿಳಿದಿದ್ದರು. ಆದರೆ 'ಪ್ರಕಾಶ'ದ ಮಕ್ಕಳಿಗೆ ಈ ಮಸುಕಿನ ಮೆಟ್ಟಿಲು ದೊರೆಯಲಿಲ್ಲ. ಬೆಳೆದ ಕಣ್ಣಿಗೆ ಒಮ್ಮೆಲೇ ಅದಕ್ಕಿಂತ ಸ್ಪಷ್ಟವಾದ ಜಗತ್ತು ಬಂದಿತು. ಅವರಲ್ಲಿ ಹಲವರಿಗೆ ಮುಖಗಳನ್ನು ಗುರುತಿಸುವುದು ವರ್ಷಗಳಾದರೂ ಕಷ್ಟವಾಗಿಯೇ ಉಳಿಯಿತು. ಸಿನ್ಹಾ ಅವರ ಬಳಗ 2018ರಲ್ಲಿ ಇದನ್ನು ನರಜಾಲದ ಮೇಲೆ ಪರೀಕ್ಷಿಸಿತು. ಮೊದಲು ಮಸುಕಾದ ಮುಖಗಳನ್ನೂ ಆ ಮೇಲೆ ಸ್ಪಷ್ಟವಾದವುಗಳನ್ನೂ ತೋರಿಸಿ ಬೆಳೆಸಿದ ಜಾಲ, ಮೊದಲಿನಿಂದಲೂ ಸ್ಪಷ್ಟ ಚಿತ್ರಗಳನ್ನೇ ಕಂಡ ಜಾಲಕ್ಕಿಂತ ಮುಖಗಳನ್ನು ಎಲ್ಲ ಬಗೆಯ ಬೆಳಕು ಮಬ್ಬುಗಳಲ್ಲಿಯೂ ಚೆನ್ನಾಗಿ ಗುರುತಿಸಿತು. ಮಸುಕಿನಲ್ಲಿ ಮೂಗಿನ ಗೆರೆ, ಹುಬ್ಬಿನ ಕೂದಲು ಕಾಣುವುದಿಲ್ಲವಾದ್ದರಿಂದ ಇಡೀ ಮುಖವನ್ನು ಒಂದಾಗಿ ಹಿಡಿಯದೆ ಗತ್ಯಂತರವಿಲ್ಲ.

2024ರಲ್ಲಿ ಬಣ್ಣದ ಸರದಿ. ಇಂಥ ಮಕ್ಕಳಿಗೆ ಬಣ್ಣದ ಚಿತ್ರದಲ್ಲಿ ಗುರುತು ಸಿಕ್ಕ ವಸ್ತು, ಅದೇ ಚಿತ್ರವನ್ನು ಕಪ್ಪು ಬಿಳುಪಾಗಿಸಿದರೆ ಸಿಗುತ್ತಿರಲಿಲ್ಲ. ನಮಗಾದರೋ ಹಳೆಯ ಕಪ್ಪು ಬಿಳುಪು ಮದುವೆಯ ಫೋಟೋದಲ್ಲಿ ಸೋದರಮಾವನನ್ನು ಗುರುತಿಸಲು ಏನೂ ತೊಡಕಿಲ್ಲ. ಜಾಲವನ್ನೂ ಎರಡು ಬಗೆಯಲ್ಲಿ ಬೆಳೆಸಿ ನೋಡಿದರು. ಮೊದಲು ಬಣ್ಣಗೆಟ್ಟ ಚಿತ್ರಗಳನ್ನು ಕಂಡು ಅನಂತರ ಬಣ್ಣವನ್ನು ಕಂಡ ಜಾಲ ಬಣ್ಣ ಬದಲಾದರೂ ತಾಳಿಕೊಂಡಿತು. ಆರಂಭದಿಂದ ಬಣ್ಣವನ್ನೇ ಕಂಡದ್ದು ಬಣ್ಣಕ್ಕೆ ಜೋತುಬಿದ್ದು ಸೋತಿತು. ತೊಟ್ಟಿಲಲ್ಲಿ ಮಲಗಿದ ಕೂಸಿನ ಮಂಕು ನೋಟವೇ ಮುಂದಿನ ತಿಳಿನೋಟಕ್ಕೆ ಅಡಿಪಾಯವೆಂಬ ಈ ವಿಚಾರವನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಈ ಸಂಶೋಧನೆಗಳಲ್ಲಿ ನನಗೆ ಮನಗಂಡದ್ದು ಇದೇ. ಯಂತ್ರ ನಮ್ಮಂತೆ ನೋಡದಿದ್ದರೆ ಅದಕ್ಕೆ ಕಾರಣ ಅದು ತಂತಿಯಿಂದಾದದ್ದೆಂಬುದಕ್ಕಿಂತ ಮಿಗಿಲಾಗಿ, ಅದಕ್ಕೆ ಬಾಲ್ಯವಿರಲಿಲ್ಲವೆಂಬುದು.

ಬಾಲ್ಯವನ್ನು ಕೊಟ್ಟು ನೋಡುವ ಯತ್ನವೂ ನಡೆಯಿತು. ಆಸ್ಟ್ರೇಲಿಯದ ಒಂದು ಕೂಸಿನ ತಲೆಗೆ ಪುಟ್ಟ ಕ್ಯಾಮರಾ ಕಟ್ಟಿ, 6ರಿಂದ 25 ತಿಂಗಳವರೆಗೆ ಆಗಾಗ ತೆಗೆದ ಸುಮಾರು 61 ಗಂಟೆಗಳ ದೃಶ್ಯವನ್ನೂ, ಮನೆಯವರು ಆಡಿದ ಮಾತನ್ನೂ ನರಜಾಲವೊಂದಕ್ಕೆ ಉಣಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ನಾಲ್ಕು ಚಿತ್ರಗಳಲ್ಲಿ ಚೆಂಡು ಯಾವುದು, ಬೆಕ್ಕು ಯಾವುದು ಎಂಬಂಥ ಪ್ರಶ್ನೆಗಳಿಗೆ ಅದು ನೂರಕ್ಕೆ ಅರವತ್ತೊಂದು, ಅರವತ್ತೆರಡು ಬಾರಿ ಸರಿಯಾಗಿ ಹೇಳಿತು. ಕೂಸಿನ ಎಚ್ಚರದ ಹೊತ್ತಿನಲ್ಲಿ ನೂರರಲ್ಲೊಂದು ಪಾಲನ್ನಷ್ಟೇ ಕಂಡು ಕಲಿತುದಕ್ಕೆ ಇದು ಕಡಮೆಯೇನಲ್ಲ. ಆದರೂ ಅದು ಪಡೆದದ್ದು ಕೂಸು ಕಂಡ ನೋಟವನ್ನು. ಚೆಂಡಿನ ಹಿಂದೆ ಅಂಬೆಗಾಲಿಟ್ಟವನು ಕೂಸು.

ಇನ್ನು ಉಳಿದದ್ದು ದೊಡ್ಡ ಪ್ರಶ್ನೆ. ಹೆಸರು ಹೇಳುವುದಿರಲಿ, ಯಂತ್ರಕ್ಕೆ 'ಕಾಣುತ್ತದೆ' ಎಂಬ ಅನುಭವ ಉಂಟೇ? ಕೆಂಪನ್ನು ಕಂಡಾಗ ನಮ್ಮೊಳಗೆ ಆಗುವುದೇನಾದರೂ ಅದರೊಳಗೆ ಆಗುವುದೇ? ಭ್ರಮೆಯನ್ನು ಹಿಡಿದು ಕೆಲವರು ವಾದಿಸುತ್ತಾರೆ. ನಿಂತ ಚಿತ್ರವೇ ಸುತ್ತಿದಂತೆ ಕಾಣುವ, ಜಪಾನಿನ ಅಕಿಯೋಶಿ ಕಿತಾವೊಕಾ ರಚಿಸಿದ ಹಾವಿನ ಸುರುಳಿಗಳ ಚಿತ್ರವೊಂದಿದೆ. 2018ರಲ್ಲಿ ಅದೇ ದೇಶದ ವಿಜ್ಞಾನಿಗಳು ಮುಂದಿನ ದೃಶ್ಯವನ್ನು ಊಹಿಸಲು ಕಲಿತ ಜಾಲಕ್ಕೆ ಈ ಚಿತ್ರ ತೋರಿಸಿದಾಗ, ಅದೂ ಸುರುಳಿಗಳು ತಿರುಗುತ್ತವೆಂದು ಲೆಕ್ಕ ಹಾಕಿತು. ಮೋಸ ಹೋಗುವುದರಲ್ಲಿ ನಮ್ಮಂತೆಯೇ ಆಯಿತಲ್ಲ ಎಂದು ಮೊಮ್ಮಗ ನಕ್ಕ. ನನ್ನ ಅಭಿಪ್ರಾಯ ಬೇರೆ. ಆ ಚಿತ್ರವನ್ನು ನೋಡಿದರೆ ನನಗೆ ತಲೆ ಸುತ್ತು ಬರುತ್ತದೆ, ಪುಸ್ತಕ ಮುಚ್ಚಿಡುತ್ತೇನೆ. ಜಾಲ ಮುಚ್ಚಿಡಲಿಲ್ಲ. ಇದು ಪ್ರಮಾಣವಲ್ಲವೆಂದು ಅವನು. ಅಲ್ಲವೆಂದು ನಾನೂ ಒಪ್ಪಿದೆ. ಒಳಗಿನ ಅನುಭವವನ್ನು ಹೊರಗಿನಿಂದ ಅಳೆಯುವ ಕೋಲು ಇನ್ನೂ ಯಾರ ಕೈಯಲ್ಲಿಯೂ ಇಲ್ಲ.

ನನ್ನ ಪರೀಕ್ಷೆಯ ಕಥೆ ಅರ್ಧಕ್ಕೆ ನಿಂತಿತು. ಅಂದು ಯಂತ್ರ ನನ್ನ ಎಡಗಣ್ಣಿನಲ್ಲಿ ಸಕ್ಕರೆಯ ಹಾನಿ ಇಲ್ಲವೆಂದಿತು. ಬಲಗಣ್ಣಿನ ಚಿತ್ರವನ್ನು ಓದಲಾಗದೆಂದು ತಿಳಿಸಿತು. ಹುಡುಗಿ ಮತ್ತೆರಡು ಸಲ ಚಿತ್ರ ತೆಗೆದಳು. ಮತ್ತೆ ಅದೇ ಉತ್ತರ. ತಿಳಿಯದೆಂದು ಹೇಳಿದ್ದು ಅದರ ದೊಡ್ಡಸ್ತಿಕೆಯೆಂದೇ ನಾನು ಎಣಿಸುತ್ತೇನೆ. ಅನಂತರ ಡಾಕ್ಟರಮ್ಮನವರು ಬಂದು, ದೀಪ ಹಿಡಿದು ಕಣ್ಣನ್ನು ನೋಡಿದರು. ಕುರ್ಚಿಯನ್ನು ಸಮೀಪಕ್ಕೆ ಎಳೆದುಕೊಂಡು ಕುಳಿತು, "ಅಜ್ಜಾರ, ರಾತ್ರಿ ಹೊತ್ತಿನ್ಯಾಗ ಎದುರಿಗೆ ಬರೋ ಗಾಡಿ ಲೈಟು ಚದುರಿದಂಗ ಕಾಣತೈತೇನ್ರಿ?" ಎಂದು ಕೇಳಿದರು.

ಕಾಣುತ್ತದೆ ಎಂದೆ. ಎಷ್ಟೋ ತಿಂಗಳಿಂದ ಹಾಗೆಯೇ ಕಾಣುತ್ತಿತ್ತು. ಯಾರೂ ಕೇಳಿರಲಿಲ್ಲ, ಮನೆಯವರು ಗಾಬರಿಯಾದಾರೆಂದು ನಾನೂ ಹೇಳಿರಲಿಲ್ಲ. ಪೊರೆ ಬಲಿತಿದೆಯೆಂದರು. ದೀಪಾವಳಿ ಕಳೆದ ಮೇಲೆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ.